ಬೆಟ್ಟದ ಶೇಪಿನ ಹೋಮ್‌ಸ್ಟೇ ಕಟ್ಟಿಸೋದಾ?

ಪ್ರಶ್ನೆ: ನಮ್ಮ ಕಾಫಿ ತೋಟದಲ್ಲಿ ಹೋಮ್‌ಸ್ಟೇ ಮಾಡೋಣ ಅಂತಿದೀವಿ. ಆರ್ಕಿಟೆಕ್ಟ್ ಆಗಿರೋ ಅಣ್ಣನ ಮಗ ಗುಡ್ಡದ ಥರ ಏರಿಳಿಯೋ ಗಾಜಿನ ಕಟ್ಟಡದ ಡಿಸೈನ್ ತಂದಿದಾನೆ, ಚೀನಾದವರು ಹಿಂದೆ ಮಸಿಯಲ್ಲಿ ಬರೀತಿದ್ದ ಬೆಟ್ಟ-ನೀರಿನ ಚಿತ್ರಗಳಿಂದ ಬಂದಿದ್ದಂತೆ, ಅಲ್ಲೀಗ ಹಿಂಗೇ ಕಟ್ತಾರಂತೆ. ನಿಜಾನಾ ಸಾರ್?
– ಓದುಗರು, ಆಲ್ದೂರು, ಚಿಕ್ಕಮಗಳೂರು

ಉತ್ತರ: ಅರ್ಧ ನಿಜ. ಬೀಜಿಂಗ್‌ನಲ್ಲಿ ಆರ್ಕಿಟೆಕ್ಟ್ ಮಾ ಯಾನ್‌ಸೊಂಗ್ ಡಿಸೈನ್ ಮಾಡಿರೋ ಚಾವ್‌ಯಾಂಗ್ ಪಾರ್ಕ್ ಪ್ಲಾಜಾ (2017) ಇದೆ, ಕಪ್ಪು ಗಾಜಿನ ಜೋಡಿ ಟವರು, ಮಸಿಯಲ್ಲಿ ಬರೆದ ಶಿಖರದ ಹಾಗೇ ಕಾಣುತ್ತೆ, ನಿಮ್ಮ ಹುಡುಗ ಅಂಥದ್ದೇ ನೋಡಿರ್ಬೇಕು. ಫೋಟೋಗೆ ಚೆನ್ನಾಗಿದೆ, ಆದ್ರೆ ನಂಗೆ ಅದು ಚಿತ್ರದ ಔಟ್‌ಲೈನ್ ಮಾತ್ರ ಎತ್ಕೊಂಡಿದೆ ಅನ್ಸುತ್ತೆ.

ಆ ಚಿತ್ರಗಳಲ್ಲಿ ನೋಡೋನು ಒಂದೇ ಕಡೆ ನಿಂತಿರಲ್ಲ. 1072ರಲ್ಲಿ ‘ವಸಂತದ ಆರಂಭ’ ಅನ್ನೋ ಬೆಟ್ಟದ ಚಿತ್ರ ಬರೆದ ಚೀನಾದ ಕಲಾವಿದ ಗುವೊ ಶಿ ಮೂರು ಥರದ ದೂರ ಹೇಳ್ತಾನೆ: ಬುಡದಲ್ಲಿ ನಿಂತು ಶಿಖರಕ್ಕೆ ತಲೆ ಎತ್ತೋದು, ಮುಂದಿನ ಬೆಟ್ಟದಿಂದ ಹಿಂದಿನದಕ್ಕೆ ಇಣುಕೋದು, ಹತ್ತಿರದ ಗುಡ್ಡದಿಂದ ದೂರದ ಸಾಲಿಗೆ ಕಣ್ಣು ಹಾಯಿಸೋದು. ಸರ್ಪದಾರಿ ಹಿಡಿದು ಮುಳ್ಳಯ್ಯನಗಿರಿ ಹತ್ತಿದೋರಿಗೆ ಇದನ್ನ ಬಿಡಿಸಿ ಹೇಳ್ಬೇಕಾ. ಬರೀ ದಾಟಿ ಹೋಗೋಕೆ, ನೋಡೋಕೆ ಆಗೋ ಬೆಟ್ಟಕ್ಕಿಂತ ಅಡ್ಡಾಡೋಕೆ, ವಾಸ ಮಾಡೋಕೆ ಆಗೋ ಬೆಟ್ಟಾನೇ ಮೇಲು ಅಂತಾನೂ ಅಂದಿದಾನೆ, ಹೋಮ್‌ಸ್ಟೇ ಮಾಡೋರು ಗಮನಿಸಿ!

ಇದನ್ನ ಸರಿಯಾಗಿ ಹಿಡಿದಿರೋನು ಚೀನಾದ ಆರ್ಕಿಟೆಕ್ಟ್ ವಾಂಗ್ ಶು, ವಾಸ್ತುಶಿಲ್ಪದ ದೊಡ್ಡ ಪ್ರಶಸ್ತಿ ಪ್ರಿಟ್ಜ್‌ಕರ್ 2012ರಲ್ಲಿ ಬಂತಲ್ಲ, ಅವನೇ. ಹಾಂಗ್‌ಝೌನಲ್ಲಿ ಅವನು ಕಟ್ಟಿದ ಶಿಯಾಂಗ್‌ಶಾನ್ ಆರ್ಟ್ ಕ್ಯಾಂಪಸ್‌ನಲ್ಲಿ ಕಟ್ಟಡಗಳು ಒಂದು ಸಣ್ಣ ಗುಡ್ಡದ ಸುತ್ತ ಇವೆ, ನಡೀತಾ ಹೋದ ಹಾಗೆ ಗುಡ್ಡ ಒಂದ್ಸಲ ಕಿಟಕಿಯಲ್ಲಿ, ಒಂದ್ಸಲ ಮಾಡಿನ ಸಂದಿಯಲ್ಲಿ. ಮಾಡಿನ ಮೇಲೆ ಹಾಕಿರೋದು ಕೆಡವಿದ ಹಳೇ ಮನೆಗಳ 20 ಲಕ್ಷಕ್ಕೂ ಹೆಚ್ಚು ಹೆಂಚು. ಚೀನಾದ್ದೇ ಸುಝೌ ಮ್ಯೂಸಿಯಂನಲ್ಲಿ (2006) ಆರ್ಕಿಟೆಕ್ಟ್ ಐ. ಎಂ. ಪೇ ಬಿಳಿ ಗೋಡೇನೇ ಕಾಗದ ಮಾಡ್ಕೊಂಡು ಅದರ ಮುಂದೆ ಸೀಳಿದ ಬಂಡೆಗಳನ್ನ ಬೆಟ್ಟದ ಥರ ನಿಲ್ಸಿದಾರೆ, ಅದೂ ನೋಡಿ.

ಹಾಗಾಗಿ ಮೊದ್ಲು ಜೆಸಿಬಿ ತರಿಸ್ಬೇಡಿ. ಜಾಗ ಮಟ್ಟ ಮಾಡಿ ಅದರ ಮೇಲೆ ಬೆಟ್ಟದ ಶೇಪ್ ಕಟ್ಟೋದು ಎಂಥಾ ತಮಾಷೆ, ಬೆಟ್ಟ ಅಲ್ಲೇ ಇದೆಯಲ್ಲ! ರೂಮುಗಳನ್ನ ಇಳಿಜಾರಲ್ಲಿ ಬಿಡಿಬಿಡಿಯಾಗಿ ಇಡ್ಸಿ, ಮಧ್ಯೆ ಜಗಲಿ ಥರ ಮಾಡು ಇರೋ ಕಾಲ್ದಾರಿ, ಕಣಿವೆಯಿಂದ ಮಂಜು ಏರೋ ಕಡೆ ಏನೂ ಕಟ್ಬೇಡಿ. ಸುತ್ತಮುತ್ತ ಹಳೇ ಮನೆ ಕೀಳ್ತಿದ್ರೆ ಮಂಗಳೂರು ಹೆಂಚು ವಿಚಾರಿಸಿ. ಗಾಜಿನ ಮಾಡಿಗೆ ಜುಲೈ ಮಳೇಲಿ ಸೋರಿದ್ರೆ ಯಾರು ಹತ್ತಿ ರಿಪೇರಿ ಮಾಡ್ತಾರೆ ಅಂತ ಅಣ್ಣನ ಮಗನ್ನೇ ಕೇಳಿ.