ಫಿಶಿಂಗ್ ಕ್ಲಬ್ಬಿನ ಗೇಟಿಗೆ ಕೀ ಬೀಗ ಹಾಕಿಸುವುದೋ, ನಂಬರ್ ಬೀಗವೋ?

ಇಂಗ್ಲೆಂಡಿನ ಯಾವ ಫಿಶಿಂಗ್ ಕ್ಲಬ್ಬಿನ ವಾರ್ಷಿಕ ಸಭೆಗೆ ಹೋದರೂ ಮೀನಿನ ಮಾತು ಹತ್ತು ನಿಮಿಷಕ್ಕೆ ಮುಗಿಯುತ್ತದೆ, ಗೇಟಿನ ಬೀಗದ ಮಾತು ಮಾತ್ರ ಮುಗಿಯುವುದೇ ಇಲ್ಲ. ನೀವು ಬರೆದಿರುವುದು ಇಷ್ಟು: ನಾಟಿಂಗ್‌ಹ್ಯಾಮ್ ಕಡೆಯ ಒಂದು ಕ್ಲಬ್ಬಿನ ಕಮಿಟಿಗೆ ಹೊಸದಾಗಿ ಸೇರಿದ್ದೀರಿ. ನೂರೈವತ್ತು ಜನ ಮೆಂಬರುಗಳು. ಟ್ರೆಂಟ್ ನದಿಯ ಒಂದಿಷ್ಟು ದಂಡೆ, ಪಕ್ಕದಲ್ಲೇ ಒಂದು ಕಾರ್ಪ್ ಮೀನಿನ ಕೆರೆ, ಎರಡಕ್ಕೂ ರೈತರೊಬ್ಬರ ಹೊಲದ ಮೂಲಕ ಒಂದೇ ದಾರಿ, ಒಂದೇ ಗೇಟು. ಈಗಿನ ಬೀಗದ ಕೀ ಎಷ್ಟು ಜನರ ಹತ್ತಿರ ಇದೆಯೋ ಯಾರಿಗೂ ಲೆಕ್ಕವಿಲ್ಲ. ಹಳಬರು ಕೀ ಬೀಗವೇ ಇರಲಿ ಅನ್ನುತ್ತಾರೆ, ಹೊಸಬರು ನಂಬರ್ ಬೀಗ ಕೇಳುತ್ತಾರೆ, ಕೊನೆಗೆ ಕೆಲಸ ನಿಮ್ಮ ತಲೆಗೆ ಬಂದಿದೆ.

ಸೆವರ್ನ್ ನದಿ ಕಡೆಯ ಒಂದು ಕ್ಲಬ್ಬಿನಲ್ಲಿ ಕೆಲವು ವರ್ಷ ಇದೇ ಉಸ್ತುವಾರಿ ನೋಡಿಕೊಂಡವನು ನಾನು. ನನ್ನನ್ನು ಕೇಳಿದರೆ, ಆ ಗೇಟಿಗೆ ನಂಬರ್ ಬೀಗ ಹಾಕಿ, ವರ್ಷಕ್ಕೊಮ್ಮೆ ನಂಬರು ಬದಲಿಸಿ. ಹುಲ್ಲು ಕತ್ತರಿಸುವ ಮಷೀನು, ದೋಣಿ ಇಟ್ಟಿರುವ ಶೆಡ್ಡಿಗೆ ಮಾತ್ರ ಕೀ ಬೀಗ ಇರಲಿ. ಅದರ ಕೀ ನಾಲ್ಕೈದು ಜನರ ಕೈಯಲ್ಲಿದ್ದರೆ ಸಾಕು.

ಕಮಿಟಿಯಲ್ಲಿ ಯಾರಾದರೂ "ನಂಬರ್ ಬೀಗ ಸೇಫಾ?" ಅಂತ ಕೇಳಿಯೇ ಕೇಳುತ್ತಾರೆ. ಗೇಟಿನ ಬೀಗದಿಂದ ಏನನ್ನು ನಿರೀಕ್ಷಿಸುತ್ತಿದ್ದೀರಿ ಎಂದು ಅವರನ್ನೇ ತಿರುಗಿ ಕೇಳಿ. ರಾತ್ರಿ ಹನ್ನೆರಡಕ್ಕೆ ಬೋಲ್ಟ್ ಕಟರ್ ಹಿಡಿದು ಬರುವವನಿಗೆ ಎರಡೂ ಒಂದೇ. ಅವನು ಬೀಗಕ್ಕೆ ಕೈ ಹಾಕದೆ ಚೈನು ಕತ್ತರಿಸುತ್ತಾನೆ, ಅದೂ ಬೇಡವೆಂದರೆ ಗೇಟನ್ನೇ ಕೀಲಿನಿಂದ ಎತ್ತಿ ಪಕ್ಕಕ್ಕಿಡುತ್ತಾನೆ. (ಇದನ್ನು ತಡೆಯಲು ಮೇಲಿನ ಕೀಲಿನ ಪಿನ್ನನ್ನು ತಲೆಕೆಳಗಾಗಿ ಹಾಕಿಸಬೇಕು. ಖರ್ಚು ಏನೂ ಇಲ್ಲ, ಆದರೂ ಎಷ್ಟೋ ಕ್ಲಬ್ಬುಗಳು ಮಾಡಿಸಿರುವುದಿಲ್ಲ. ನಾಳೆಯೇ ಹೋಗಿ ನೋಡಿ.) ಗೇಟಿನ ಬೀಗ ತಡೆಯುವುದು ಬೇರೆ ಥರದವರನ್ನು: ವ್ಯಾನಿನಲ್ಲಿ ಹಳೆಯ ಹಾಸಿಗೆ, ಒಡೆದ ಪ್ಲಾಸ್ಟರ್ ಬೋರ್ಡು ತಂದು ಸುರಿದು ಹೋಗುವವರು, ಹೊಲದಲ್ಲಿ ನಾಯಿ ಬಿಟ್ಟು ಮೊಲ ಹಿಡಿಸುವವರು, ಪರ್ಮಿಟ್ ಇಲ್ಲದೆ ಕಾರು ತಂದು ಕೆರೆ ದಂಡೆಯಲ್ಲಿ ನಿಲ್ಲಿಸುವವರು. ಖಾಸಗಿ ಜಮೀನಿನಲ್ಲಿ ಸುರಿದ ಕಸವನ್ನು ಎತ್ತಿಸುವ ಖರ್ಚು ಇಲ್ಲಿ ಜಮೀನಿನ ಮಾಲೀಕನದ್ದೇ, ಕೌನ್ಸಿಲ್ ಬರುವುದಿಲ್ಲ. ನಿಮ್ಮ ರೈತನಿಗೆ ಬೀಗದ ಮೇಲೆ ಅಷ್ಟು ಕಾಳಜಿ ಇರುವುದು ಅದಕ್ಕೇ. ಆತ ಬೇಸತ್ತು ಲೀಸ್ ನಿಲ್ಲಿಸಿದರೆ ಕ್ಲಬ್ಬಿಗೆ ನೀರೇ ಇಲ್ಲ.

ಈ ಕೆಲಸಕ್ಕೆ ಕೀ ಬೀಗವೂ ನಡೆಯುತ್ತದೆ, ನಂಬರ್ ಬೀಗವೂ ನಡೆಯುತ್ತದೆ. ವ್ಯತ್ಯಾಸ ಕಾಣುವುದು ಮೆಂಬರು ಬಿಟ್ಟುಹೋದ ದಿನ.

ನೂರೈವತ್ತರಲ್ಲಿ ಪ್ರತಿ ವರ್ಷ ಇಪ್ಪತ್ತು ಇಪ್ಪತ್ತೈದು ಜನ ನವೀಕರಿಸುವುದಿಲ್ಲ ಅಂತಿಟ್ಟುಕೊಳ್ಳಿ. ಅವರೆಲ್ಲರಿಂದ ಕೀ ವಾಪಸು ತರಿಸಬೇಕು. ಕೆಲವರು ಊರು ಬಿಟ್ಟಿರುತ್ತಾರೆ, ಕೆಲವರು ತೀರಿಕೊಂಡಿರುತ್ತಾರೆ. ಅವರ ಹೆಂಡತಿಗೆ ಫೋನ್ ಮಾಡಿ "ಆ ಹಿತ್ತಾಳೆ ಕೀ ಎಲ್ಲಾದರೂ ಕಂಡಿತಾ" ಅಂತ ಕೇಳುವ ಧೈರ್ಯ ಯಾವ ಸೆಕ್ರೆಟರಿಗೂ ಇರುವುದಿಲ್ಲ, ಇರಲೂಬಾರದು. ಹತ್ತು ಪೌಂಡ್ ಡೆಪಾಸಿಟ್ ಇಟ್ಟರೆ ತಂದುಕೊಡುತ್ತಾರೆ ಅನ್ನುತ್ತಾರೆ. ಹತ್ತು ಪೌಂಡಿಗಾಗಿ ಪೋಸ್ಟಾಫೀಸಿಗೆ ಹೋಗುವವರು ಕಡಿಮೆ. ಡೆಪಾಸಿಟ್ಟನ್ನು ಐವತ್ತಕ್ಕೆ ಏರಿಸಿದರೆ ವಿದ್ಯಾರ್ಥಿಗಳು, ಪಿಂಚಣಿದಾರರು ಸೇರುವುದಿಲ್ಲ. ಇನ್ನು ನಕಲಿ ಕೀ ವಿಷಯ. ಸಾಮಾನ್ಯ ಪ್ಯಾಡ್‌ಲಾಕ್ ಕೀ ಆದರೆ ಚಪ್ಪಲಿ ರಿಪೇರಿ ಅಂಗಡಿಯವನು ಎರಡು ನಿಮಿಷದಲ್ಲಿ ಕೊರೆದು ಕೊಡುತ್ತಾನೆ. ಮೆಂಬರು ತನ್ನ ಭಾವಮೈದುನನಿಗೊಂದು, ಜೊತೆಗೆ ಕೂರುವ ಗೆಳೆಯನಿಗೊಂದು ಮಾಡಿಸಿಕೊಟ್ಟಿರುತ್ತಾನೆ. ನಮ್ಮೂರಲ್ಲಿ ಪಂಪ್‌ಸೆಟ್ ಮನೆಯ ಕೀ ಹೆಂಚಿನ ಸಂದಿಯಲ್ಲಿ ಇರುವುದು ಊರಿಗೇ ಗೊತ್ತಿರುತ್ತಲ್ಲ, ಹಾಗೆ ಇಲ್ಲೂ ಗೇಟಿನ ಕಂಬದ ಬುಡದಲ್ಲಿ ಒಂದು ಚಪ್ಪಟೆ ಕಲ್ಲು ಇದ್ದೇ ಇರುತ್ತದೆ. ಎತ್ತಿ ನೋಡಿದ್ದೀರಾ?

ನಕಲು ಮಾಡಿಸಲು ಆಗದ ಕೀಗಳೂ ಇವೆ. ಕೀಯ ಆಕಾರಕ್ಕೇ (ಪ್ರೊಫೈಲ್) ಪೇಟೆಂಟ್ ಇರುತ್ತದೆ, ಬೀಗದ ಜೊತೆ ಬರುವ ಕಾರ್ಡ್ ತೋರಿಸಿದರೆ ಮಾತ್ರ ಅಧಿಕೃತ ಅಂಗಡಿಯವರು ಕೊರೆದುಕೊಡುತ್ತಾರೆ. ಚೆನ್ನಾಗಿಯೇ ಇದೆ. ಆದರೆ ಕೀಗೆ ಹನ್ನೆರಡು ಪೌಂಡ್ ಹಿಡಿದರೂ ನೂರೈವತ್ತಕ್ಕೆ 1,800 ಪೌಂಡ್. ಮೂರು ವರ್ಷದ ನಂತರ ಒಂದೇ ಒಂದು ಕೀ ತಪ್ಪು ಕೈ ಸೇರಿತೆಂದರೆ ಮತ್ತೆ ಸಿಲಿಂಡರ್ ಬದಲಿಸಿ ಮತ್ತೆ 1,800. ನಲವತ್ತು ಜನ ಸೇರಿ ಹಣ ಹಾಕಿ ನಡೆಸುವ ಸಣ್ಣ ಸಿಂಡಿಕೇಟ್ ಕೆರೆಗೆ, ಒಂದೊಂದು ಕಾರ್ಪ್ ಸಾವಿರಾರು ಪೌಂಡ್ ಬಾಳುವ ಕಡೆ, ಇದು ಸರಿ. ನಿಮ್ಮದು ಆ ಥರದ ನೀರಲ್ಲ.

ನಂಬರ್ ಬೀಗದಲ್ಲಿ ಯಾರಿಂದಲೂ ಏನನ್ನೂ ವಾಪಸು ಕೇಳಬೇಕಾಗಿಲ್ಲ. ಹಣ ಕಟ್ಟಿದವರಿಗೆ ಹೊಸ ನಂಬರು, ಕಟ್ಟದವರಿಗೆ ಇಲ್ಲ, ಅಲ್ಲಿಗೆ ಮುಗಿಯಿತು. ಬಾಕಿ ಉಳಿಸಿಕೊಂಡವರೂ ಆ ವಾರ ಓಡಿಬಂದು ಕಟ್ಟುತ್ತಾರೆ. ನಿಮ್ಮ ಟ್ರೆಷರರ್‌ಗೆ ಈ ಒಂದು ಮಾತು ಹೇಳಿ, ಓಟು ಗ್ಯಾರಂಟಿ.

ಇನ್ನೊಂದು ಲಾಭ ಯಾರಿಗೂ ಹೊಳೆಯುವುದಿಲ್ಲ. ಕೆರೆ ದಂಡೆಯಲ್ಲಿ ಯಾರಿಗಾದರೂ ಎದೆನೋವು ಬಂದು ತುರ್ತು ಸೇವೆಯ 999ಕ್ಕೆ ಫೋನ್ ಮಾಡಿದರೆ, ಬೀಗದ ನಂಬರನ್ನು ಫೋನಿನಲ್ಲೇ ಹೇಳಬಹುದು. ಕೀ ಬೀಗವಾದರೆ ಆ ಮನುಷ್ಯನನ್ನು ಒಬ್ಬನನ್ನೇ ಬಿಟ್ಟು ಯಾರಾದರೂ ಗೇಟಿಗೆ ಓಡಬೇಕು. ರಾತ್ರಿ ಒಬ್ಬರೇ ಕೂರುವವರು ಹೆಚ್ಚಿರುವ ಕಾರ್ಪ್ ಕೆರೆಗೆ ಇದು ಸಣ್ಣ ವಿಷಯವಲ್ಲ. ನಮ್ಮ ಮೆಂಬರುಗಳ ಸರಾಸರಿ ವಯಸ್ಸು ನೋಡಿದರೆ ಇದೊಂದೇ ಕಾರಣಕ್ಕೆ ನಾನು ನಂಬರ್ ಬೀಗಕ್ಕೆ ಕೈ ಎತ್ತುತ್ತೇನೆ.

ಈಗ ಅದರ ಹುಳುಕು. ನಂಬರು ಬಾಯಿಂದ ಬಾಯಿಗೆ ಹೋಗುತ್ತದೆ, ಅದನ್ನು ತಡೆಯಲಾಗುವುದಿಲ್ಲ. ಅದಕ್ಕೇ ವರ್ಷಕ್ಕೊಮ್ಮೆ ಬದಲಿಸುವುದು. ಅದಕ್ಕಿಂತ ಕೆಟ್ಟದ್ದೆಂದರೆ ಜನ ಬೀಗ ಹಾಕುವ ರೀತಿ. ಮಳೆಯಲ್ಲಿ ಕಾರಿನಿಂದಿಳಿದು ಬೀಗ ಹಾಕಿ, ಕೊನೆಯ ಚಕ್ರವನ್ನು ಹೆಬ್ಬೆರಳಿನಿಂದ ಒಂದು ಹಲ್ಲು ತಿರುಗಿಸಿ ಹೊರಟುಬಿಡುತ್ತಾರೆ. ನಂಬರು 4827 ಇದ್ದರೆ ಬೀಗ 4828 ತೋರಿಸುತ್ತಿರುತ್ತದೆ. ನಾಲ್ಕು ಚಕ್ರದ ಬೀಗಕ್ಕೆ ಹತ್ತು ಸಾವಿರ ಸಾಧ್ಯತೆ ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ, ಆದರೆ ಹಾಗೆ ಬಿಟ್ಟ ಬೀಗಕ್ಕೆ ಎರಡೇ ಸಾಕು. ನಾಲ್ಕೂ ಚಕ್ರ ಕದಡಬೇಕು ಎಂದು ಪರ್ಮಿಟ್ಟಿನ ಹಿಂದೆ ನಿಯಮವಾಗಿ ಅಚ್ಚು ಹಾಕಿಸಿ, ಗೇಟಿನ ಒಳಬದಿಗೂ ಒಂದು ಬೋರ್ಡು ಹಾಕಿ. ಬೀಗ ತೆಗೆದು ಕಾರು ಒಳಗೆ ತರುವಾಗ ಅದು ಚೈನಿನಲ್ಲಿ ತೆರೆದೇ ನೇತಾಡುತ್ತಿರುತ್ತದೆ, ನಂಬರು ರಸ್ತೆಗೆ ಮುಖ ಮಾಡಿಕೊಂಡು. ಅದೂ ಬೋರ್ಡಿನಲ್ಲಿರಲಿ.

ಮೂರು ಚಕ್ರದ್ದು ಕೊಳ್ಳಲೇಬೇಡಿ. ಸೆಕೆಂಡಿಗೊಂದರಂತೆ ತಿರುಗಿಸಿದರೂ ಸಾವಿರ ಸಾಧ್ಯತೆ ಹದಿನೇಳು ನಿಮಿಷದೊಳಗೆ ಮುಗಿಯುತ್ತದೆ. ಮೀನು ಕಚ್ಚದ ದಿನ ಹುಡುಗರು ಅಷ್ಟು ಹೊತ್ತು ಮಾಡಿಯೇ ಮಾಡುತ್ತಾರೆ.

ಯಾವ ನಂಬರು? ಕಮಿಟಿಗೆ ಬಿಟ್ಟರೆ ನಾರ್ಮನ್ನರು ಇಂಗ್ಲೆಂಡ್ ಗೆದ್ದ 1066 ಅನ್ನುತ್ತಾರೆ, ಇಲ್ಲವೇ ಇಂಗ್ಲೆಂಡ್ ಫುಟ್ಬಾಲ್ ವಿಶ್ವಕಪ್ ಗೆದ್ದ 1966. ಗಾಳದವರಾದರೆ 1606, ಯಾಕೆಂದರೆ ಇಲ್ಲಿ ನದಿಗಳಲ್ಲಿ ಮಾರ್ಚ್ 15ರಿಂದ ಜೂನ್ 15ರವರೆಗೆ ನಿಂತ ಗಾಳ ಜೂನ್ 16ಕ್ಕೆ ಮತ್ತೆ ನೀರಿಗಿಳಿಯುತ್ತದೆ. ಆ ತಾರೀಖು ಪಕ್ಕದ ಕ್ಲಬ್ಬಿನವನಿಗೂ ಬಾಯಿಪಾಠ. ಕಣ್ಣು ಮುಚ್ಚಿ ಚೀಟಿ ಎತ್ತಿ.

ಬೀಗ ಕೊಳ್ಳುವಾಗ ನಂಬರು ಬದಲಿಸುವ ವಿಧಾನವನ್ನು ಮೊದಲು ಓದಿ. ಅಗ್ಗದವುಗಳಲ್ಲಿ ಬೀಗ ತೆರೆದಾಗ ಕೊಂಡಿಯನ್ನು ಅರ್ಧ ತಿರುಗಿಸಿ ಒತ್ತಿದರೆ ಹೊಸ ನಂಬರು ಕೂತುಬಿಡುತ್ತದೆ. ಯಾರೋ ತಿಳಿಯದೆ ಒತ್ತಿ ಚಕ್ರ ತಿರುಗಿಸಿದರೆ ಅಲ್ಲಿಗೆ ಕಥೆ ಮುಗಿಯಿತು, ಭಾನುವಾರ ಬೆಳಗಿನ ಐದು ಗಂಟೆಗೆ ಹದಿನೈದು ಕಾರು ರಸ್ತೆಯಲ್ಲಿ ನಿಂತಿರುತ್ತವೆ, ನಿಮ್ಮ ಫೋನು ಹೊಡೆದುಕೊಳ್ಳುತ್ತಿರುತ್ತದೆ. ಪ್ರತ್ಯೇಕ ಸಣ್ಣ ಕೀ ಅಥವಾ ಪಿನ್ ಹಾಕಿದರೆ ಮಾತ್ರ ನಂಬರು ಬದಲಾಗುವಂಥದ್ದನ್ನೇ ಕೊಳ್ಳಿ. ಆ ಪಿನ್ ಸೆಕ್ರೆಟರಿಯ ಮನೆಯಲ್ಲಿರಲಿ. ಹಾಗೆಯೇ ಗುಂಡಿ ಒತ್ತುವ ಮೆಕ್ಯಾನಿಕಲ್ ಬೀಗ ತೋರಿಸಿದರೆ ಜಾಗ್ರತೆ. ಅಂಥ ಹಲವು ಬೀಗಗಳಲ್ಲಿ ಅಂಕಿಗಳ ಕ್ರಮ ಲೆಕ್ಕಕ್ಕೇ ಬರುವುದಿಲ್ಲ, 2-5-7-9 ಒತ್ತಿದರೂ ಒಂದೇ, 9-2-7-5 ಒತ್ತಿದರೂ ಒಂದೇ. ಹತ್ತು ಗುಂಡಿಯಲ್ಲಿ ನಾಲ್ಕು ಎಂದರೆ ಒಟ್ಟು 210 ಸಾಧ್ಯತೆ ಮಾತ್ರ. ಒಂದು ವರ್ಷ ಕಳೆದರೆ ಒತ್ತಿ ಒತ್ತಿ ಹೊಳೆಯುವ ನಾಲ್ಕು ಗುಂಡಿಗಳೇ ಉತ್ತರ ಹೇಳಿಬಿಡುತ್ತವೆ.

ನಂಬರು ಬದಲಿಸುವ ದಿನದ ಗದ್ದಲಕ್ಕೆ ಒಂದು ಸುಲಭ ಉಪಾಯವಿದೆ. ಎರಡು ಬೀಗ ಇಟ್ಟುಕೊಳ್ಳಿ. ಏಪ್ರಿಲ್ 1ಕ್ಕೆ ಪರ್ಮಿಟ್ ವರ್ಷ ಶುರುವಾಗುವುದಾದರೆ ಅಂದು ಹೊಸ ನಂಬರಿನ ಬೀಗವನ್ನು ಹಳೆಯದಕ್ಕೇ ಕೊಂಡಿಯಲ್ಲಿ ಕೊಂಡಿ ಸಿಕ್ಕಿಸಿ ಚೈನಿಗೆ ಸೇರಿಸಿ. ಯಾವುದನ್ನು ತೆಗೆದರೂ ಗೇಟು ತೆರೆಯುತ್ತದೆ. ಎರಡು ವಾರ ಬಿಟ್ಟು ಹಳೆಯದನ್ನು ತೆಗೆದುಬಿಡಿ. ಮುಂದಿನ ವರ್ಷ ಅದೇ ಹೊಸ ನಂಬರು ಹೊತ್ತು ಬರುತ್ತದೆ. ರೈತನದೂ ಇದೇ ದಾರಿ: ಆತನ ಸ್ವಂತ ಬೀಗ ಅದೇ ಚೈನಿನಲ್ಲಿ ಒಂದು ಕೊಂಡಿಯಾಗಿ ಇರಲಿ, ಬೇಕಿದ್ದರೆ ಕೀ ಬೀಗವೇ ಇರಲಿ. ನೀವು ನಂಬರು ಎಷ್ಟು ಸಲ ಬದಲಿಸಿದರೂ ಆತನಿಗೆ ತೊಂದರೆಯಿಲ್ಲ. ಆದರೆ ಯಾರೋ ಒಬ್ಬ ಗಡಿಬಿಡಿಯಲ್ಲಿ ಒಂದು ಬೀಗವನ್ನು ಬಿಟ್ಟು ಚೈನಿಗೇ ನೇರ ಹಾಕಿ ಇನ್ನೊಬ್ಬರನ್ನು ಹೊರಗಿಟ್ಟುಬಿಡುತ್ತಾನೆ, ಇದು ವರ್ಷಕ್ಕೆರಡು ಸಲ ಆಗಿಯೇ ಆಗುತ್ತದೆ. ಸರಿಯಾಗಿ ಹಾಕಿದ ಬೀಗಗಳ ಫೋಟೋ ತೆಗೆದು ಎಲ್ಲರಿಗೂ ಕಳಿಸಿ.

ಹಳಬರ ವಿರೋಧದಲ್ಲಿ ನಿಜವಾದ ಕಷ್ಟವೂ ಇದೆ, ಅದನ್ನು ಹಟವೆಂದು ತಳ್ಳಿಹಾಕಬೇಡಿ. ಜನವರಿಯ ಕತ್ತಲಲ್ಲಿ, ಹಣೆಗೆ ಟಾರ್ಚು ಕಟ್ಟಿಕೊಂಡು, ಕನ್ನಡಕದ ಮೇಲೆ ಹನಿ ಬೀಳುತ್ತಿರುವಾಗ, ಸಂಧಿವಾತದ ಬೆರಳಿನಲ್ಲಿ ಅಕ್ಕಿಕಾಳಿನಷ್ಟು ಅಂಕಿಗಳನ್ನು ಸಾಲಿಗೆ ತರುವುದು ಎಪ್ಪತ್ತೈದರ ಮನುಷ್ಯನಿಗೆ ಶಿಕ್ಷೆ. ನಮ್ಮಲ್ಲಿ ಒಬ್ಬರು ನಂಬರಿನ ಸಾಲು ತೋರಿಸುವ ಗೆರೆಯೇ ಕಾಣುವುದಿಲ್ಲವೆಂದು ಮೊಮ್ಮಗಳ ಉಗುರುಬಣ್ಣದಿಂದ ಅಲ್ಲಿ ಕೆಂಪು ಚುಕ್ಕೆ ಇಟ್ಟುಕೊಂಡರು. ಆಮೇಲೆ ಎಲ್ಲ ಬೀಗಕ್ಕೂ ಅದೇ ಚುಕ್ಕೆ ಬಂತು. ದೊಡ್ಡ ಚಕ್ರದ, ಕಪ್ಪಿನ ಮೇಲೆ ಬಿಳಿ ಅಂಕಿ ಇರುವ ಬೀಗವನ್ನೇ ಆರಿಸಿ. ಗೇಟಿಗೆ ಎರಡೂ ಕಡೆಯಿಂದ ಕೈ ತಲುಪುವ ಹಾಗೆ, ಸೊಂಟದ ಎತ್ತರಕ್ಕೆ ಚೈನು ಇರಲಿ. ಇಮೇಲ್ ಇಲ್ಲದವರಿಗೆ ನಂಬರನ್ನು ಚೀಟಿಯಲ್ಲಿ ಬರೆದು ಕೊಡಿ, ಪರ್ಮಿಟ್ ಕಾರ್ಡಿನ ಮೇಲೆ ಮಾತ್ರ ಬೇಡ. ಕಾರ್ಡು ದಂಡೆಯಲ್ಲಿ ಬಿದ್ದುಹೋದರೆ ಸಿಕ್ಕವನಿಗೆ ಕೆರೆಯ ಹೆಸರೂ ಸಿಕ್ಕಿತು, ನಂಬರೂ ಸಿಕ್ಕಿತು.

ಮೊಬೈಲ್ ಆ್ಯಪಿನ ಬೀಗ ಹಾಕೋಣವೇ ಎಂದೂ ಕೇಳಿದ್ದೀರಿ. ಯಾರು ಯಾವಾಗ ಬಂದರೆಂದು ಅದು ದಾಖಲಿಸುತ್ತದೆ, ಹೌದು. ಆದರೆ ಚಳಿಗೆ ಬ್ಯಾಟರಿ ಸಾಯುತ್ತದೆ, ಎಲ್ಲರ ಹತ್ತಿರ ಸ್ಮಾರ್ಟ್‌ಫೋನು ಇರುವುದಿಲ್ಲ, ಆ ದಾಖಲೆ ಇಟ್ಟುಕೊಂಡ ಮೇಲೆ ಖಾಸಗಿ ಮಾಹಿತಿಯ ಕಾನೂನಿಗೂ ಉತ್ತರ ಹೇಳಬೇಕು. ಹೊಲದ ಗೇಟಿಗೆ ಬೇಡ.

ಎಲ್ಲಕ್ಕೂ ಮೊದಲು ಎರಡು ಕಾಗದ ನೋಡಿ. ಒಂದು ಲೀಸ್ ಪತ್ರ: ಬೀಗದ ಬಗ್ಗೆ ಅದರಲ್ಲಿ ಷರತ್ತು ಇರಬಹುದು. ಇನ್ನೊಂದು ಕೌನ್ಸಿಲ್ಲಿನ ಕಾಲುದಾರಿ ನಕಾಶೆ. ಟ್ರೆಂಟ್ ದಂಡೆಯುದ್ದಕ್ಕೂ ಹಲವು ಕಡೆ ಸಾರ್ವಜನಿಕ ಕಾಲುದಾರಿ ಇದೆ. ಅಂಥ ದಾರಿಗೆ ಅಡ್ಡಲಾಗಿ ಗೇಟಿಗೆ ಬೀಗ ಹಾಕಿದರೆ 1980ರ ಹೈವೇಸ್ ಆ್ಯಕ್ಟ್ ಪ್ರಕಾರ ಅಡ್ಡಿ ಮಾಡಿದಂತಾಗುತ್ತದೆ. ಪಕ್ಕದಲ್ಲಿ ನಡೆದುಹೋಗುವವರಿಗೆ ಸಣ್ಣ ಗೇಟು ತೆರೆದಿದ್ದರೆ ಚಿಂತೆಯಿಲ್ಲ.

ಯಾವ ಕಂಪನಿಯದು ಎಂಬ ಪ್ರಶ್ನೆಗೆ ಹೆಸರು ಹೇಳುವುದಿಲ್ಲ, ಡಬ್ಬಿಯ ಮೇಲೆ ನೋಡಬೇಕಾದ್ದನ್ನು ಹೇಳುತ್ತೇನೆ. ಪ್ಯಾಡ್‌ಲಾಕ್‌ಗಳಿಗೆ ಯುರೋಪಿನ ಇಎನ್ 12320 ಮಾನದಂಡದಲ್ಲಿ 1ರಿಂದ 6ರವರೆಗೆ ದರ್ಜೆ ಇದೆ. ಗೇಟಿಗೆ 3 ಸಿಕ್ಕರೆ ಒಳ್ಳೆಯದು, ಶೆಡ್ಡಿಗೆ 4. ಶೆಡ್ಡಿನ ಬೀಗ ಮುಚ್ಚುವವರೆಗೆ ಕೀ ಹೊರಬರದ ಥರದ್ದಾಗಿರಲಿ, ಆಗ ತೆರೆದಿಟ್ಟು ಮರೆಯುವುದು ತಪ್ಪುತ್ತದೆ. ಬೀಗಕ್ಕೆ ಅಡಿಯಲ್ಲಿ ನೀರು ಬಸಿಯುವ ತೂತು ಇರಬೇಕು, ಇಲ್ಲದಿದ್ದರೆ ಒಳಗೆ ನಿಂತ ನೀರು ಡಿಸೆಂಬರಿನಲ್ಲಿ ಗಟ್ಟಿಯಾಗಿ ನಂಬರೂ ತಿರುಗುವುದಿಲ್ಲ, ಕೀಯೂ ತಿರುಗುವುದಿಲ್ಲ. ಚೈನನ್ನೂ ಬೀಗದಷ್ಟೇ ಗಟ್ಟಿಯಾದದ್ದನ್ನು ಕೊಳ್ಳಿ. ಅಕ್ಟೋಬರಿನಲ್ಲಿ ಒಂದು ಸಲ ಬೀಗ ಬಿಚ್ಚಿ ತಂದು ಒಳಗಿನ ಮಣ್ಣು ತೊಳೆದು, ಒಣಗಿಸಿ, ಕೀ ತೂತಿಗೆ ಗ್ರಾಫೈಟ್ ಪುಡಿ ಹಾಕಿ. ಅಷ್ಟು ಹೊತ್ತು ಗೇಟಿನಲ್ಲಿ ಇರಲಿಕ್ಕೆ ಆ ಎರಡನೇ ಬೀಗ ಇದ್ದೇ ಇದೆಯಲ್ಲ.