ಪ್ರತಿಕ್ರಿಯೆ: ಚಿಪ್ ಬದಲಾದರೆ ವೈರಸ್ ಕಾಟ ತಪ್ಪುತ್ತದಾ?

ಬದಿಯಡ್ಕದ ನಿಮ್ಮ ಜೆರಾಕ್ಸ್ ಅಂಗಡಿಗೆ ಇಂಟೆಲ್ ಚಿಪ್ ಬಿಟ್ಟು ಆರ್ಮ್ ಎಂಬ ಬೇರೆ ಜಾತಿಯ ಚಿಪ್‌ನ ವಿಂಡೋಸ್ ಲ್ಯಾಪ್‌ಟಾಪ್ ತಂದರೆ ವೈರಸ್ ಕಾಟ ತಪ್ಪುತ್ತದಾ ಅಂತ ಕೇಳಿದ್ದೀರಿ. ಸ್ವಲ್ಪ ತಪ್ಪಬಹುದು, ಪೂರ್ತಿ ಅಲ್ಲ.

ಇಂಟೆಲ್‌ಗಾಗಿ ಬರೆದ ವೈರಸ್ ಆರ್ಮ್ ಚಿಪ್‌ಗೆ ನೇರವಾಗಿ ಅರ್ಥವಾಗುವುದಿಲ್ಲ, ನಿಜ. ಆದರೆ ಹಳೇ ಪ್ರೋಗ್ರಾಂಗಳು ಓಡಲಿ ಅಂತ ವಿಂಡೋಸ್ ಒಳಗೇ ಇಂಟೆಲ್ ಭಾಷೆಯನ್ನು ಆರ್ಮ್‌ಗೆ ಹೇಳುವ ಒಬ್ಬ ದುಭಾಷಿ ಕೂತಿದ್ದಾನೆ. ಕನ್ನಡ, ತುಳು, ಮಲಯಾಳ ಅಂತ ದಿನವಿಡೀ ಭಾಷೆ ಬದಲಿಸುವ ಕಾಸರಗೋಡಿನವರಿಗೆ ಈ ಕೆಲಸ ವಿವರಿಸಬೇಕಿಲ್ಲ ಅಲ್ವಾ! ಅವನು ಒಳ್ಳೆಯದು ಕೆಟ್ಟದ್ದು ನೋಡುವುದಿಲ್ಲ, ಎರಡನ್ನೂ ಅನುವಾದಿಸಿ ಕೊಡುತ್ತಾನೆ. ಆರ್ಮ್‌ಗಾಗಿಯೇ ಬರೆಯುವವರೂ ಇದ್ದಾರೆ. ಆಪಲ್ ತನ್ನ ಆರ್ಮ್ ಜಾತಿಯ ಎಂ1 ಚಿಪ್ ತಂದದ್ದು 2020ರ ನವೆಂಬರ್‌ನಲ್ಲಿ. 2021ರ ಫೆಬ್ರವರಿಗೆ ಅದಕ್ಕೆಂದೇ ತಯಾರಾದ ಮಾಲ್‌ವೇರ್ (ವೈರಸ್‌ನಂಥ ಕೇಡಿನ ಪ್ರೋಗ್ರಾಂ) ಸಿಕ್ಕಿತ್ತು.

ಚಿಪ್‌ನಲ್ಲೇ ಮಾಹಿತಿ ಸೋರುವ ತೂತಿದ್ದರೆ ವಿಷಯ ಬೇರೆ. 2018ರ ಜನವರಿಯಲ್ಲಿ ಬಯಲಾದ ಮೆಲ್ಟ್‌ಡೌನ್ ಎಂಬ ತೂತು ಹೆಚ್ಚಾಗಿ ಇಂಟೆಲ್‌ನ ತಲೆನೋವು. ಅದರ ಜೊತೆಗೇ ಬಂದ ಸ್ಪೆಕ್ಟರ್ ಮಾತ್ರ ಇಂಟೆಲ್, ಎಎಂಡಿ, ಆರ್ಮ್ ಮೂವರನ್ನೂ ಬಿಡಲಿಲ್ಲ.

ನಿಮ್ಮ ಅಂಗಡಿಯಲ್ಲಿ ಜಾಸ್ತಿ ಹೆದರಬೇಕಾದ್ದು ಗಿರಾಕಿಗಳ ಪೆನ್‌ಡ್ರೈವ್‌ಗೆ. ಪಾಸ್‌ವರ್ಡ್ ಕದಿಯುವ ನಕಲಿ ಪುಟಗಳಿಗೂ ಚಿಪ್ ಯಾವುದಾದರೇನು? ಅಪ್‌ಡೇಟ್ ಸಿಗದ ಹಳೇ ವಿಂಡೋಸ್ ಇದ್ದರೆ ಮೊದಲು ಅದನ್ನು ಬದಲಿಸಿ. ಮತ್ತೆ, ಆರ್ಮ್ ಲ್ಯಾಪ್‌ಟಾಪ್ ಕೊಳ್ಳುವ ಮುಂಚೆ ನಿಮ್ಮ ಪ್ರಿಂಟರ್, ಸ್ಕ್ಯಾನರ್‌ಗೆ ಆರ್ಮ್‌ನ ಡ್ರೈವರ್ (ಅವನ್ನು ಕಂಪ್ಯೂಟರ್ ಜೊತೆ ಮಾತಾಡಿಸುವ ಪ್ರೋಗ್ರಾಂ) ಸಿಗುತ್ತದಾ ನೋಡಿಕೊಳ್ಳಿ. ದುಭಾಷಿಯ ಆಟ ಡ್ರೈವರ್ ಹತ್ತಿರ ನಡೆಯುವುದಿಲ್ಲ.