ಕಾನೂನು ಸಲಹೆ: ಅಪ್ಪನ ಟ್ರಂಕಿನಲ್ಲಿ ಇನ್ನೊಂದು ಸಂಸಾರ

ಪ್ರಶ್ನೆ: ದೀಪಾವಳಿಗೆ ಊರಿಗೆ ಹೋದಾಗ, ಕಳೆದ ವರ್ಷ ತೀರಿಕೊಂಡ ಅಪ್ಪನ ಟ್ರಂಕಿನಲ್ಲಿ ಎರಡು ವಸ್ತು ಸಿಕ್ಕವು: ದೇವಸ್ಥಾನದಲ್ಲಿ ಅವರು ಬೇರೊಬ್ಬ ಹೆಂಗಸಿಗೆ ತಾಳಿ ಕಟ್ಟುತ್ತಿರುವ ಫೋಟೊ, ಹುಡುಗನೊಬ್ಬನ ಟಿ.ಸಿ. ಅದರಲ್ಲಿ ತಂದೆ ಎಂದು ಅಪ್ಪನ ಹೆಸರೇ ಇದೆ. ಆಗ ಅಮ್ಮ ಬದುಕಿದ್ದರು, ಈಗಿಲ್ಲ. ಅಜ್ಜ, ಅಜ್ಜಿಯೂ ಇಲ್ಲ. ಸೋದರತ್ತೆಗೆ ಎಲ್ಲ ಗೊತ್ತಿತ್ತಂತೆ. 3 ಎಕರೆ 24 ಗುಂಟೆ ಪಿತ್ರಾರ್ಜಿತ ಜಮೀನು, ಅಪ್ಪ ಕೊಂಡ ಒಂದು ಸೈಟು ಇದೆ. ಹುಡುಗನ ಹೆಸರು ಬಿಟ್ಟು ವಂಶವೃಕ್ಷ ಮಾಡಿಸೋಣ, ಸಹಿ ಹಾಕು ಅಂತಾನೆ ಅಣ್ಣ. ಹಾಕಲೇ?

ಉತ್ತರ: ಹಾಕಬೇಡಿ. ಗೊತ್ತಿದ್ದೂ ವಾರಸುದಾರನನ್ನು ಮುಚ್ಚಿಟ್ಟು ಅಫಿಡವಿಟ್ ಕೊಡುವುದು ಅಪರಾಧ. ಪೌತಿ ಖಾತೆ (ತೀರಿಕೊಂಡವರ ಖಾತೆ ವಾರಸುದಾರರ ಹೆಸರಿಗೆ ಬದಲಾವಣೆ) ಆದರೂ ಅವನ ಹಕ್ಕು ಅಳಿಯದು. ಖಾತೆ ಕಂದಾಯದ ದಾಖಲೆ ಅಷ್ಟೆ. ಮುಂದೆ ಜಮೀನು ಮಾರಿದರೆ ಅವನು ಪಾಲಿನ ದಾವೆ ಹೂಡಬಹುದು, ಕೊಂಡವರೂ ಕೋರ್ಟಿಗೆ ಅಲೆಯಬೇಕಾಗುತ್ತದೆ.

ಮೊದಲ ಹೆಂಡತಿ ಇರುವಾಗ ಆದ ಮದುವೆ ಅಸಿಂಧು, ಹಾಗಾಗಿ ಆ ಹೆಂಗಸಿಗೆ ಹೆಂಡತಿಯ ಪಾಲಿಲ್ಲ. ಮಗನ ಮಾತು ಬೇರೆ. ಹಿಂದೂ ವಿವಾಹ ಕಾಯ್ದೆಯ 16ನೇ ಕಲಂ ಪ್ರಕಾರ ಅವನು ಔರಸ, ಅಂದರೆ ಕಾನೂನುಬದ್ಧ ಮಗನೇ. ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರ ಸೆಪ್ಟೆಂಬರ್ 1ರಂದು ಇದನ್ನು ಬಗೆಹರಿಸಿತು: ಇಂಥ ಮಕ್ಕಳು ಹುಟ್ಟಿನಿಂದಲೇ ಪಾಲುದಾರರಲ್ಲ, ಆದರೆ ತಂದೆಯ ಭಾಗಕ್ಕೆ ಬಂದದ್ದರಲ್ಲಿ ಪಾಲುಂಟು.

ಅಮ್ಮ ಅಪ್ಪನಿಗಿಂತ ಮೊದಲೇ ತೀರಿಕೊಂಡಿದ್ದರೆ ಲೆಕ್ಕ ಹೀಗೆ. ಜಮೀನನ್ನು ಮೊದಲು ಅಪ್ಪ, ಅಣ್ಣ, ನೀವು ಎಂದು ಮೂರು ಭಾಗ ಮಾಡಿ. ತಲಾ 1 ಎಕರೆ 8 ಗುಂಟೆ. ಅಪ್ಪನ 48 ಗುಂಟೆ ಮತ್ತೆ ಮೂವರು ಮಕ್ಕಳಿಗೆ. ಹುಡುಗನಿಗೆ 16 ಗುಂಟೆ, ನಿಮಗೂ ಅಣ್ಣನಿಗೂ 1 ಎಕರೆ 24 ಗುಂಟೆ. ಅಣ್ಣ ಹೆದರಿರುವಷ್ಟೇನೂ ಹೋಗುವುದಿಲ್ಲ! ಸೈಟು ಮಾತ್ರ ಸಮನಾಗಿ ಮೂರು ಪಾಲು.

ಅಪ್ಪ ವಿಲ್ ಬರೆದಿದ್ದರೆ ಈ ಲೆಕ್ಕವೇ ಬದಲಾಗುತ್ತದೆ. ನೋಂದಣಿ ಇಲಾಖೆಯ ‘ಕಾವೇರಿ’ ಜಾಲತಾಣದಲ್ಲಿ ಇ.ಸಿ. (ಋಣಭಾರ ಪತ್ರ) ತೆಗೆಸಿ, ದಾನಪತ್ರ ಆಗಿದ್ದರೆ ಕಾಣುತ್ತದೆ. ವಿಲ್ ಅದರಲ್ಲಿ ಬಾರದು, ನೋಂದಣಿಯಾಗದಿದ್ದರೂ ಅದು ಊರ್ಜಿತ. ಅತ್ತೆಯನ್ನೇ ಕೇಳಿ. ಹುಡುಗ ಹಣ ಪಡೆದು ಬಿಟ್ಟುಕೊಡುವುದಾದರೆ ನೋಂದಾಯಿತ ಹಕ್ಕು ಖುಲಾಸೆ ಪತ್ರವೇ ಆಗಬೇಕು. ಟಿ.ಸಿ.ಯಲ್ಲಿ ಜನ್ಮದಿನಾಂಕ ನೋಡಿ: 18 ತುಂಬಿರದಿದ್ದರೆ ಕೋರ್ಟಿನ ಅನುಮತಿ ಇಲ್ಲದೆ ತಾಯಿ ಸಹಿ ಹಾಕಿದ್ದು ನಿಲ್ಲದು. ಫೋಟೊ ಹರಿಯುವ ಯೋಚನೆಯೂ ಬೇಡ. ಅತ್ತೆ ಸಾಕ್ಷಿ ನುಡಿದರೆ ಅದು ಇಲ್ಲದೆಯೂ ಮದುವೆ ರುಜುವಾಗಬಹುದು.

ಪ್ರಶ್ನೆ: ಬ್ಯಾಂಕ್ ಸಾಲಕ್ಕೆಂದು ತಮ್ಮ ನನ್ನಿಂದ ಹಾಕಿಸಿಕೊಂಡ ಸಹಿ ಹಕ್ಕು ಖುಲಾಸೆಗಂತೆ. ಗೌರಿ ಹಬ್ಬಕ್ಕೆ ತವರಿಗೆ ಹೋದಾಗ ತಿಳಿಯಿತು.

ಉತ್ತರ: ಮೋಸ ತಿಳಿದ ದಿನದಿಂದ 3 ವರ್ಷದೊಳಗೆ ರದ್ದತಿ ದಾವೆ ಹೂಡಬೇಕು. ಈಗಲೇ ಉಪನೋಂದಣಿ ಕಚೇರಿಯಿಂದ ಪತ್ರದ ದೃಢೀಕೃತ ನಕಲು ಪಡೆಯಿರಿ, ಹಬ್ಬದ ದಿನ ಯಾರು ಹೇಳಿದರೆಂದು ಬರೆದಿಡಿ.